ಮುತ್ತಜ್ಜ ಯಾವ ಕಾಲಂನಲ್ಲಿದ್ದಾನೆ?

ಹಳೆಯ ಕೈಬರಹದ ಪಹಣಿಯಲ್ಲಿ ರೈತನ ಹೆಸರು ಒಂಟಿಯಾಗಿ ಇರುವುದಿಲ್ಲ. ಹೆಸರಿನ ಮುಂದೆ ‘ಬಿನ್’ ಎಂಬ ಪುಟ್ಟ ಪದ, ಅದರಾಚೆ ಅಪ್ಪನ ಹೆಸರು. ಅಪ್ಪ ತೀರಿಕೊಂಡಿದ್ದರೆ ‘ಬಿನ್ ಲೇಟ್’. ಹೆಂಗಸಾದರೆ ‘ಕೋಂ’, ಅದರಾಚೆ ಗಂಡನ ಹೆಸರು. ಅರಬ್ಬಿಯ ‘ಬಿನ್’ ಪಾರಸಿ ದಫ್ತರಗಳ ದಾರಿಯಲ್ಲಿ ಬಂದು ಶ್ಯಾನುಭೋಗರ ಲೆಕ್ಕದ ಪುಸ್ತಕದಲ್ಲಿ ಕೂತಿತು. ಹಳೇ ಮೈಸೂರಿನ ಕಂದಾಯದ ಕಾಗದಗಳಿಂದ ಇವತ್ತಿಗೂ ಎದ್ದಿಲ್ಲ. ವಂಶ ಹುಡುಕಲು ಹೊರಟವರಿಗೆ ಇದರಷ್ಟು ಉಪಕಾರ ಮಾಡಿದ ಪದ ಇನ್ನೊಂದಿಲ್ಲ. ಮಗ ಸಿಕ್ಕರೆ ಅಪ್ಪ ಸಿಕ್ಕ ಹಾಗೆ. ಆ ಅಪ್ಪ ಸ್ವಂತ ಹೆಸರಿನಲ್ಲಿ ಜಮೀನು ಹಿಡಿದಿದ್ದ ಕಾಲದ ಪುಸ್ತಕ ತೆಗೆದರೆ ಅವನ ಮುಂದೆ ಮತ್ತೊಂದು ಬಿನ್. ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬಹುದು.

ಮನೆಯ ನೆನಪು ಅಷ್ಟು ದೂರ ಹೋಗುವುದಿಲ್ಲ. ಶ್ರಾದ್ಧ ಮಾಡುವ ಮನೆಗಳಲ್ಲೂ ಹೆಸರು ಹೇಳಿ ಪಿಂಡ ಇಡುವುದು ಅಪ್ಪ, ಅಜ್ಜ, ಮುತ್ತಜ್ಜ ಮೂವರಿಗೇ. ಅರಸರಿಗೆ ಶಾಸನವಿದೆ, ದಾನ ಕೊಟ್ಟ ಶೆಟ್ಟರಿಗೆ ದೇವಸ್ಥಾನದ ಗೋಡೆಯಿದೆ, ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೂ ಊರಾಚೆ ಒಂದು ವೀರಗಲ್ಲು ಸಿಕ್ಕಿತು. ಎರಡೆಕರೆ ರಾಗಿ ಹೊಲ ಉತ್ತು, ಹುಟ್ಟಿದ ಆರು ಮಕ್ಕಳಲ್ಲಿ ಮೂರನ್ನು ಉಳಿಸಿಕೊಂಡು, ಒಂದು ಮಳೆಗಾಲ ಜ್ವರ ಬಂದು ಮಲಗಿದವನಿಗೆ ಏನಿದೆ? ಹುಡುಕಿದರೆ ಅವನದೂ ಇದೆ. ಸರ್ಕಾರ ಅವನನ್ನು ಬರೆದದ್ದು ಕಂದಾಯದ ಸಲುವಾಗಿ, ವ್ಯಾಜ್ಯದ ಸಲುವಾಗಿ. ಆ ಬರಹದ ಸಂದಿಯಲ್ಲಿ ಅವನ ಬದುಕು ಇಣುಕುತ್ತದೆ.

ಅವನನ್ನು ಅವನಿಗೋಸ್ಕರವೇ ಬರೆದಿಟ್ಟವರೂ ಈ ನಾಡಿನಲ್ಲಿದ್ದಾರೆ. ಅವರು ಹೆಳವರು.

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಹೆಳವ ಎಂದರೆ ಕುಂಟ. ಕಾಲಿಲ್ಲದ ಮೂಲಪುರುಷನಿಗೆ ಬಸವಣ್ಣನವರೇ ಎತ್ತು ಕೊಟ್ಟು, ಮನೆಮನೆಯ ವಂಶ ಹೇಳಿ ಬದುಕು ಎಂದರು ಎನ್ನುವುದು ಅವರ ನಂಬಿಕೆ. ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು ಊರೂರು ತಿರುಗುವ ಹೆಳವರನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಬಂದ ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು, ವ್ಯಾನು ಬಂದಿವೆ. ಕೆಲಸ ಅದೇ. ಕಟ್ಟೆಯ ಮೇಲೆ ಕೂತು ಪುಸ್ತಕದ ಗಂಟು ಬಿಚ್ಚಿ ಮೂಲಪುರುಷನಿಂದ ಹೇಳಲು ಶುರು ಮಾಡಿದರೆ, ಯಾವ ಊರಿಂದ ಎದ್ದು ಬಂದರು, ಅಣ್ಣತಮ್ಮಂದಿರು ಎಷ್ಟು ಮಂದಿ, ಯಾರ ಸಂತಾನ ನಿಂತುಹೋಯಿತು, ಯಾರು ಯಾವ ಮನೆಗೆ ದತ್ತು ಹೋದರು ಎಲ್ಲವೂ ಒಂದೇ ಓಘದಲ್ಲಿ ಬರುತ್ತದೆ. ನಡುನಡುವೆ ಮನೆಯ ಹಿರಿಯರು ‘ಹೌದ್ರಿ, ಖರೇ ಅದ’ ಎನ್ನುತ್ತಾರೆ. ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಹೊಸ ಸಾಲು ಬರೆದುಕೊಳ್ಳುತ್ತಾರೆ. ಕೊಟ್ಟ ಜೋಳ, ಬಟ್ಟೆ, ದುಡ್ಡು ತೆಗೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಉಳ್ಳವರು ಆಕಳು ಕೊಟ್ಟದ್ದೂ ಉಂಟು.

ಯಾವ ಮನೆತನ ಯಾವ ಹೆಳವರ ಪಾಲಿನದು ಎಂಬುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ಅಪ್ಪನಿಂದ ಮಗನಿಗೆ ಪುಸ್ತಕದ ಜೊತೆ ಊರುಗಳೂ ಬರುತ್ತವೆ. ಹಾಗಾಗಿ ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರು ತಮ್ಮ ಹೆಳವರನ್ನು ಹುಡುಕಬೇಕಾದರೆ ಮೊದಲು ಊರಿನಲ್ಲೇ ಉಳಿದ ದಾಯಾದಿಗಳನ್ನು ವಿಚಾರಿಸಬೇಕು. ಆಸ್ತಿಯ ಜಗಳಗಳಲ್ಲಿ ಹೆಳವರ ಪುಸ್ತಕ ಕೋರ್ಟಿನ ಕಟ್ಟೆ ಹತ್ತಿದ್ದೂ ಇದೆ. ಒಂದೇ ಕೊರತೆ, ಅವರಲ್ಲಿ ಸಾಲುಂಟು, ಇಸವಿ ಕಡಿಮೆ. ಯಾರ ಮಗ ಯಾರು ಎಂಬುದು ಗಟ್ಟಿ. ಯಾವ ವರ್ಷ ಹುಟ್ಟಿದ, ಯಾವ ವರ್ಷ ಸತ್ತ ಎಂಬುದನ್ನು ಬೇರೆ ಕಡೆ ಹುಡುಕಬೇಕು.

ಇಸವಿ ಮನೆಯ ಹಿರಿಯರ ಬಾಯಲ್ಲೇ ಇರುತ್ತದೆ, ಸಂವತ್ಸರದ ವೇಷದಲ್ಲಿ. ‘ನಮ್ಮಜ್ಜ ರಕ್ತಾಕ್ಷಿಯಲ್ಲಿ ಹುಟ್ಟಿದ್ದು’ ಎಂದು ಅಜ್ಜಿ ಹೇಳಿದರೆ ಅದನ್ನು ಹರಟೆ ಎಂದು ಬಿಡಬಾರದು. ಅರವತ್ತು ವರ್ಷದ ಚಕ್ರದಲ್ಲಿ ರಕ್ತಾಕ್ಷಿ 1924ರ ಯುಗಾದಿಗೆ ಶುರುವಾಗಿತ್ತು. ಕಾವೇರಿ ಉಕ್ಕಿ ಹರಿದ ವರ್ಷವೂ ಅದೇ. ಬೆಂಗಳೂರಿಗೆ ಪ್ಲೇಗ್ ಬಂದ 1898 ವಿಳಂಬಿ. ಇನ್‌ಫ್ಲುಯೆಂಜಾ ಮನೆಗಳನ್ನು ಖಾಲಿ ಮಾಡಿದ 1918 ಕಾಳಯುಕ್ತಿ. ಎಲ್ಲಕ್ಕಿಂತ ಆಳವಾಗಿ ಉಳಿದದ್ದು ‘ಧಾತು ಈಶ್ವರ ಬರ’. 1876ರ ಧಾತು, 1877ರ ಈಶ್ವರ, ಈ ಎರಡು ಸಂವತ್ಸರಗಳ ಹಸಿವು ಮಾತಿನಲ್ಲಿ ಗಾದೆಯಂತೆ ನಿಂತುಬಿಟ್ಟಿತು. ‘ಬರದಲ್ಲಿ ಗುಳೆ ಬಂದವರು ನಾವು’ ಎಂಬ ಒಂದು ಮಾತಿನಿಂದ ಕುಟುಂಬವೊಂದು ಊರು ಬದಲಿಸಿದ ಕಾಲ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಬಂದದ್ದು ಎಲ್ಲಿಂದ? ಅದಕ್ಕೆ ಮನೆದೇವರನ್ನು ಕೇಳಬೇಕು. ಮಲೆನಾಡಿನಲ್ಲಿ ನಾಲ್ಕು ತಲೆಮಾರಿನಿಂದ ಅಡಿಕೆ ಬೆಳೆದುಕೊಂಡಿರುವ ಮನೆಯವರು ಮಗುವಿನ ಮುಡಿ ತೆಗೆಸಲು ಬಯಲುಸೀಮೆಯ ಯಾವುದೋ ಸಣ್ಣ ಹಳ್ಳಿಗೆ ಹೋಗುತ್ತಾರೆ ಎಂದರೆ, ಆ ಹಳ್ಳಿ ಅವರ ಹಿಂದಿನ ವಿಳಾಸ ಇದ್ದೀತು. ಉತ್ತರ ಕರ್ನಾಟಕದ ಅಡ್ಡಹೆಸರುಗಳೂ ಹೀಗೆಯೇ ಮಾತಾಡುತ್ತವೆ. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದರೆ ಅಂಗಡಿಯ ನೆನಪು. ಕುಲಕರ್ಣಿ, ದೇಸಾಯಿ ಎಂದರೆ ಹಿಡಿದ ಹುದ್ದೆ. ಊರಿನ ಹೆಸರೇ ಅಡ್ಡಹೆಸರಾಗಿದ್ದರೆ, ಆ ಊರು ಬಿಟ್ಟು ಬಂದ ಮೇಲೆಯೇ ಅದು ಅಂಟಿಕೊಂಡಿರಬೇಕು. ಇದ್ದ ಊರಿನಲ್ಲಿ ಎಲ್ಲರೂ ಅದೇ ಊರಿನವರಾಗಿರುವಾಗ ಯಾರನ್ನೂ ಹಾಗೆ ಕರೆಯುವುದಿಲ್ಲ.

ಇಷ್ಟು ಕೈಗೆ ಬಂದ ಮೇಲೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಹೋಗಬಹುದು.

ಕರ್ನಾಟಕದ ಜಮೀನಿನ ಕಾಗದಗಳ ಬೇರು ಬ್ರಿಟಿಷರ ಸರ್ವೆಯಲ್ಲಿದೆ. ಮುಂಬಯಿ ಕರ್ನಾಟಕದಲ್ಲಿ 1840ರ ದಶಕದಿಂದ, ಮೈಸೂರು ಸೀಮೆಯಲ್ಲಿ 1863ರಿಂದ ಹೊಲಹೊಲಕ್ಕೂ ಸರಪಳಿ ಎಳೆದು, ಕಲ್ಲು ನೆಟ್ಟು, ನಂಬರು ಕೊಟ್ಟರು. ಮೂವತ್ತಮೂರು ಅಡಿಯ ಸರಪಳಿ, ಅದರಲ್ಲಿ ಹದಿನಾರು ಆಣೆ. ಆ ಸರಪಳಿಯ ಚೌಕವೇ ಇಂದಿನ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಹಳೆಯ ಟಿಪ್ಪಣಿಯ ಹಾಳೆಯಲ್ಲಿ ಮುತ್ತಜ್ಜನ ಹೊಲದ ಅಂಚು ಸರಪಳಿ, ಆಣೆಗಳ ಲೆಕ್ಕದಲ್ಲಿ ಹಾಗೇ ಇರುತ್ತದೆ. ಸರ್ವೆ ನಂಬರು ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಈ ಲೋಕದಲ್ಲಿ ಮನುಷ್ಯ ಸಿಗುವುದು ಹೊಲದ ಮೂಲಕವೇ.

ಈಗಿನ ಪಹಣಿಯಲ್ಲಿ 9ನೇ ಕಾಲಂ ಹಕ್ಕುದಾರನದು, 11ನೆಯದು ಸಾಲ ಮತ್ತು ಇತರ ಹಕ್ಕುಗಳದು, 12ನೆಯದು ಉಳುಮೆ ಮತ್ತು ಬೆಳೆಯದು. ಧಾರವಾಡ, ಬೆಳಗಾವಿಯ ಕಡೆ ‘ಉತಾರ’ ಎಂದು ಕೇಳಬೇಕು. ಮನೆಯ ಯಜಮಾನ ತೀರಿಕೊಂಡರೆ ಮಕ್ಕಳ ಹೆಸರಿಗೆ ಆಗುವ ಬದಲಾವಣೆಗೆ ‘ಪೌತಿ ಖಾತೆ’ ಎಂಬ ಹೆಸರು. ಪೌತಿ ಎಂದರೆ ಸಾವು. ಮ್ಯುಟೇಷನ್ ಪುಸ್ತಕದಲ್ಲಿ ಪೌತಿಯ ಒಂದು ನಮೂದು ಸಿಕ್ಕಿದರೆ, ಮನುಷ್ಯ ಸತ್ತ ಕಾಲ, ಉಳಿದ ವಾರಸುದಾರರು, ಅವರಲ್ಲಿ ಮೈನರ್ ಯಾರು, ಅವರ ಪರವಾಗಿ ನಿಂತ ತಾಯಿಯೋ ಚಿಕ್ಕಪ್ಪನೋ, ಎಲ್ಲವೂ ನಾಲ್ಕು ಸಾಲಿನಲ್ಲಿ ಇರುತ್ತದೆ. ಪಹಣಿಗಳ ಗಣಕೀಕರಣ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ನಡೆಯಿತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದಕ್ಕೂ ಹಿಂದಿನದೆಲ್ಲ ಕೈಬರಹ. ಮುಂಬಯಿ ಕರ್ನಾಟಕದ ಇನ್ನೂ ಹಳೆಯ ಕಾಗದಗಳಾದರೆ ಮೋಡಿ ಲಿಪಿಯ ಮರಾಠಿಯಲ್ಲಿವೆ, ಅದನ್ನು ಓದಬಲ್ಲವರ ಸಂಖ್ಯೆ ಕರಗುತ್ತಿದೆ. ಕಂದಾಯ ಇಲಾಖೆ ‘ಭೂ ಸುರಕ್ಷಾ’ ಹೆಸರಿನಲ್ಲಿ ಹಳೆಯ ಕಡತಗಳ ಸ್ಕ್ಯಾನಿಂಗ್ ಕೈಗೆತ್ತಿಕೊಂಡಿದೆ. ಗೆದ್ದಲು, ಸೋರುವ ಮಾಡು, ಮುಟ್ಟಿದರೆ ಪುಡಿಯಾಗುವ ಅಂಚು ಇವುಗಳ ಮುಂದೆ ಅದು ಎಷ್ಟು ಬೇಗ ಆದರೂ ತಡವೇ.

ಜಮೀನೇ ಇಲ್ಲದವನು? ಅವನ ವಿಷಯದಲ್ಲಿ ಕಾಗದ ಬಹಳ ಕಾಲ ಬಾಯಿಬಿಡಲಿಲ್ಲ. ಗೇಣಿಗೆ ಉತ್ತವನ ಹೆಸರನ್ನು ಧಣಿ ಬರೆಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದು ಬದಲಾದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ, ಗೇಣಿದಾರರು ‘ಫಾರಂ 7’ ತುಂಬಿ ಹಕ್ಕು ಕೇಳಬಹುದು ಎಂದಿತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಭೂನ್ಯಾಯಮಂಡಳಿಗಳ ಮುಂದೆ ಮೊದಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ ತಾನೇ ನಿಂತು ಮಾತಾಡಬೇಕಿತ್ತು. ನಮ್ಮಪ್ಪನ ಕಾಲದಿಂದ ಈ ಗದ್ದೆ ಮಾಡಿದ್ದೇವೆ, ಇಷ್ಟು ಮುಡಿ ಅಕ್ಕಿ ಗೇಣಿ ಅಳೆದಿದ್ದೇವೆ, ಪಕ್ಕದ ಗದ್ದೆಯವರು ಕಂಡಿದ್ದಾರೆ ಎಂಬ ಬಗೆಯ ಹೇಳಿಕೆಗಳು ಆ ಕಡತಗಳಲ್ಲಿವೆ. ಕರಾವಳಿಯ ಅದೆಷ್ಟೋ ಕುಟುಂಬಗಳ ಮಟ್ಟಿಗೆ ಹಿರಿಯರೊಬ್ಬರ ಮಾತು ಬರಹಕ್ಕೆ ಇಳಿದದ್ದು ಅಲ್ಲೇ ಮೊದಲು. ಗೆದ್ದವರ ಮನೆಯಲ್ಲಿ ‘ಫಾರಂ 10’ ಜೋಪಾನವಾಗಿರುತ್ತದೆ. ವಂಶ ಹುಡುಕುವವರಿಗೆ ಸೋತವರ ಕಡತವೂ ಅಷ್ಟೇ ಮುಖ್ಯ, ಅಲ್ಲಿ ಮಾತು ಇನ್ನೂ ಜಾಸ್ತಿ ಇರುತ್ತದೆ.

ಇನ್ನು ಸಬ್ ರಿಜಿಸ್ಟ್ರಾರ್ ಕಚೇರಿ. ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳ ನಕಲು 1ನೇ ಪುಸ್ತಕದಲ್ಲಿ ಇರುತ್ತದೆ. ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಪಟ್ಟಿ 1ನೇ ಇಂಡೆಕ್ಸಿನಲ್ಲಿ, ಆಸ್ತಿಯ ಪಟ್ಟಿ 2ನೆಯದರಲ್ಲಿ. ಶುಲ್ಕ ಕಟ್ಟಿ ಯಾರು ಬೇಕಾದರೂ ಇವನ್ನು ನೋಡಬಹುದು, ನಕಲು ಪಡೆಯಬಹುದು. ಮನೆಯ ಮೂಲಪತ್ರ ಕಳೆದುಹೋಗಿದ್ದರೂ ಮಾತು ಉಳಿದಿರುತ್ತದೆ ಎಂದಾಯಿತು.

ಹಳೆಯ ಕ್ರಯಪತ್ರವೊಂದನ್ನು ನಿಧಾನವಾಗಿ ಓದಿದವರಿಗೆ ಅದರ ರುಚಿ ಗೊತ್ತು. ‘ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೆಂತೆಂದರೆ’ ಎಂಬ ಗಂಭೀರ ಆರಂಭ. ಆಮೇಲೆ ಕಾರಣ: ಮಗಳ ಮದುವೆಯ ಖರ್ಚಿಗೆ, ಕೈಸಾಲ ತೀರಿಸುವುದಕ್ಕೆ, ಎತ್ತು ಕೊಳ್ಳುವುದಕ್ಕೆ. ಒಂದು ಕುಟುಂಬದ ಕಷ್ಟ ಒಂದು ವಾಕ್ಯದಲ್ಲಿ. ಅದಾದ ಮೇಲೆ ಬರುವುದು ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ನನ್ನ ತಮ್ಮನ ಪಾಲಿನ ಹೊಲ. ಹುಡುಕುವವರು ಇಲ್ಲಿ ತಾಳ್ಮೆಯಿಂದ ಕೂರಬೇಕು. ಮನೆಯಲ್ಲಿ ಯಾರಿಗೂ ನೆನಪಿಲ್ಲದ ‘ತಮ್ಮ’ ಚಕ್ಕುಬಂದಿಯ ದಕ್ಷಿಣ ದಿಕ್ಕಿನಲ್ಲಿ ನಿಂತಿರುತ್ತಾನೆ. ಪೂರ್ವದ ನೆರೆಯವನು ಸಾಕ್ಷಿಯಾಗಿ ರುಜು ಹಾಕಿರುತ್ತಾನೆ. ‘ಅದರಲ್ಲಿರುವ ಎರಡು ಹುಣಸೆಮರ, ಒಂದು ಬಾವಿ ಸಹಿತ’ ಎಂದಿದ್ದರೆ, ಆ ಹುಣಸೆಮರ ಇನ್ನೂ ಇದ್ದೀತು, ಹೋಗಿ ನೋಡಬಹುದು. ಅಣೆಕಟ್ಟೆಗೆ, ರಸ್ತೆಗೆ ಜಮೀನು ಹೋದವರ ಪಾಲಿಗೆ ಭೂಸ್ವಾಧೀನದ ಐತೀರ್ಪಿನಲ್ಲಿ ಈ ವಿವರ ಇನ್ನೂ ಹೆಚ್ಚು. ಪರಿಹಾರ ಕೊಡಲು ಮರ, ಬಾವಿ, ಕಟ್ಟಡಗಳನ್ನು ಲೆಕ್ಕ ಹಾಕಬೇಕಿತ್ತು. ಮುಳುಗಿದ ಊರಿನ ಮನೆ ಕಾಗದದಲ್ಲಿ ಇನ್ನೂ ನಿಂತಿರುತ್ತದೆ.

ಎಡವುವ ಜಾಗಗಳೂ ಬೇಕಷ್ಟಿವೆ. ತಾತನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳಿ ಬರುತ್ತದೆ. ಐವತ್ತು ವರ್ಷದ ಅಂತರದ ಇಬ್ಬರನ್ನು ಒಬ್ಬನೇ ಎಂದುಕೊಂಡು ನೂರಿಪ್ಪತ್ತು ವರ್ಷ ಬದುಕಿಸಿದವರಿದ್ದಾರೆ. ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ದಿನವನ್ನೂ ಪೂರಾ ನಂಬುವಂತಿಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಮೇಷ್ಟ್ರು ಅಂದಾಜು ಮಾಡಿ ಬರೆದ ಜೂನ್ 1 ಎಷ್ಟು ಮಂದಿಯ ಜನ್ಮದಿನವಾಗಿಲ್ಲ! ಆದರೆ ಅದೇ ಪುಸ್ತಕದಲ್ಲಿ ಪೋಷಕರ ಕಸುಬು, ಶಾಲೆ ಬಿಟ್ಟ ತಾರೀಖು, ಬಿಟ್ಟ ಕಾರಣ ಇದ್ದರೆ, ಅದು ಊಹೆಯಲ್ಲ.

ಜನಗಣತಿಯಲ್ಲಿ ಹುಡುಕಬಾರದೇಕೆ ಎಂದು ಕೇಳುವವರು ಬಹಳ. ಇಂಗ್ಲೆಂಡಿನಲ್ಲಿ ನೂರು ವರ್ಷ ತುಂಬಿದ ಗಣತಿಯ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರದು 2022ರ ಜನವರಿಯಲ್ಲಿ ತೆರೆಯಿತು. ಮನೆ, ಮನೆಯವರು, ವಯಸ್ಸು, ಕೆಲಸ ಎಲ್ಲ ಹೆಸರು ಸಮೇತ ಅಲ್ಲಿದೆ. ನಮ್ಮಲ್ಲಿ ಅಂಥ ಬಾಗಿಲಿಲ್ಲ. ಲೆಕ್ಕ ಮುಗಿದ ಮೇಲೆ ಮನೆಮನೆಯ ಹಾಳೆಗಳನ್ನು ಉಳಿಸುವ ರೂಢಿ ಇರಲಿಲ್ಲ, ಉಳಿದರೂ 1948ರ ಜನಗಣತಿ ಕಾಯ್ದೆ ಅವನ್ನು ನೋಡಲು ಬಿಡುವುದಿಲ್ಲ. ನಮಗೆ ದಕ್ಕಿರುವುದು ಮೊತ್ತ ಮಾತ್ರ. 1871ರ ಖಾನೇಶುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಏರಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಇಳಿದಿತ್ತು. ನಡುವೆ ಇದ್ದದ್ದು ಧಾತು ಈಶ್ವರ. ಆ ಕಳೆದುಹೋದವರಲ್ಲಿ ಒಬ್ಬೊಬ್ಬರೂ ಯಾರದೋ ಅಜ್ಜಿಯ ತಮ್ಮ, ಯಾರದೋ ಮುತ್ತಜ್ಜನ ಮೊದಲ ಹೆಂಡತಿ. ಅವರ ಹೆಸರಿನ ಪಟ್ಟಿ ಎಲ್ಲಿಯೂ ಇಲ್ಲ.

ಊರಲ್ಲಿ ಉಳಿದವರಿಗಿಂತ ಹಡಗು ಹತ್ತಿದವರ ವಿವರ ಚೆನ್ನಾಗಿ ಉಳಿದಿದೆ ಎಂಬುದು ನೋವಿನ ಸತ್ಯ. ದಕ್ಷಿಣ ಆಫ್ರಿಕಾದ ನಟಾಲ್‌ಗೆ 1860ರಿಂದ 1911ರವರೆಗೆ 1,52,184 ಮಂದಿಯನ್ನು ಕರಾರಿನ ಕೂಲಿಗಳಾಗಿ ಸಾಗಿಸಿದರು. ಮೊದಲ ಹಡಗು ‘ಟ್ರೂರೊ’ ಮದರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಒಬ್ಬೊಬ್ಬರಿಗೂ ಒಂದು ನಂಬರು. ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಮಚ್ಚೆ, ಗಾಯದ ಗುರುತು. ಓಡಿಹೋದರೆ ಹಿಡಿಯಲು ಬರೆದ ಗುರುತುಗಳು ಅವು. ಮೈಸೂರು, ಬೆಂಗಳೂರು ಎಂಬ ಹೆಸರುಗಳೂ ಆ ಪಟ್ಟಿಗಳಲ್ಲಿವೆ.

ಇಂಥದೇ ಒಂದು ಕಾಗದ ಹಿಡಿದು ಹೊರಟವರು ಪತ್ರಕರ್ತೆ ಗಾಯುತ್ರಾ ಬಹಾದ್ದೂರ್. ಅವರು ಗಯಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಅವರ ಮುತ್ತಜ್ಜಿ ಸುಜಾರಿಯಾ 1903ರಲ್ಲಿ ಕಲ್ಕತ್ತೆಯಿಂದ ‘ಕ್ಲೈಡ್’ ಎಂಬ ಹಡಗು ಹತ್ತಿದಳು. ಬಸುರಿ, ಒಂಟಿ. ಮಗು ಹುಟ್ಟಿದ್ದು ಹಡಗಿನಲ್ಲೇ. ಆಕೆ ಬಿಹಾರದ ಮನೆ ಬಿಟ್ಟದ್ದೇಕೆ ಎಂಬುದನ್ನು ಯಾವ ಕಾಗದವೂ ಹೇಳಲಿಲ್ಲ. ಬಹಾದ್ದೂರ್ ಬಿಹಾರದ ಹಳ್ಳಿಯವರೆಗೆ ಹೋದರು; ಉತ್ತರ ಸಿಗದ ಕಡೆ ಅದೇ ದಾರಿಯಲ್ಲಿ ಹೋದ ಸಾವಿರಾರು ಹೆಂಗಸರ ಕಡತಗಳನ್ನು ಓದಿ, ಸುಜಾರಿಯಾಳ ಸುತ್ತ ಒಂದು ಇಡೀ ಲೋಕವನ್ನು ನಿಲ್ಲಿಸಿದರು. 2013ರಲ್ಲಿ ಬಂದ ಅವರ ಪುಸ್ತಕದಲ್ಲಿ ಗೊತ್ತಿಲ್ಲದ್ದನ್ನು ಪ್ರಶ್ನೆಯಾಗಿಯೇ ಉಳಿಸಿದ್ದಾರೆ. ಅದೇ ಅದರ ಗಟ್ಟಿತನ.

ಫ್ರಾನ್ಸಿನ ಇತಿಹಾಸಕಾರ ಅಲೈನ್ ಕೊರ್ಬ್ಯಾನ್ ಇನ್ನೂ ಮುಂದೆ ಹೋದರು. ಯಾವ ಸಂಬಂಧವೂ ಇಲ್ಲದ ಒಂದು ಹೆಸರನ್ನು ಪತ್ರಾಗಾರದಿಂದ ಕಣ್ಣುಮುಚ್ಚಿ ಎತ್ತಿಕೊಂಡರು: ಲೂಯಿ ಫ್ರಾಂಸ್ವಾ ಪಿನಾಗೊ. ಕಾಡಂಚಿನ ಹಳ್ಳಿಯಲ್ಲಿ ಮರದ ಪಾದರಕ್ಷೆ ಕೆತ್ತುತ್ತಿದ್ದ ಓದುಬರಹ ಬಾರದ ಬಡವ. ಹುಟ್ಟಿದ್ದು 1798, ಸತ್ತದ್ದು 1876. ಅವನ ಮಾತು ಒಂದೂ ಉಳಿದಿಲ್ಲ. ತೆರಿಗೆ, ಗಣತಿ, ಕಾಡಿನ ಕಳ್ಳತನದ ಪ್ರಕರಣಗಳು, ನೆರೆಹೊರೆಯವರ ಜಗಳ ಇವನ್ನೆಲ್ಲ ಕೂಡಿಸಿ, ಅವನು ಏನನ್ನು ಕಂಡಿರಬಹುದು, ಯಾವ ಸದ್ದು ಕೇಳಿರಬಹುದು ಎಂಬುದನ್ನು 1998ರಲ್ಲಿ ಪುಸ್ತಕ ಮಾಡಿದರು. ನಮ್ಮ ಚಕ್ಕುಬಂದಿ ಓದುವ ಕೆಲಸವೂ ಇದೇ ಜಾತಿಯದು. ಮನುಷ್ಯ ನೇರ ಸಿಗದಿದ್ದರೆ ಅವನ ನಾಲ್ಕು ದಿಕ್ಕು ನೋಡಬೇಕು.

ಸಿಕ್ಕಿದ್ದೆಲ್ಲ ಹಿತವಾಗಿರುತ್ತದೆ ಎಂದೇನಿಲ್ಲ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ಕುಲದ ಪಾವಿತ್ರ್ಯವನ್ನೇ ಉಸಿರಾಗಿಸಿಕೊಂಡ ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುವುದು ಹಳೆಯ ಕಾಗದಗಳಿಂದಲೇ. 1965ರ ಆ ಕಾದಂಬರಿಯ ಪೆಟ್ಟು ಇಂದಿಗೂ ನಿಜ. ದತ್ತು, ಕೂಡಿಕೆ, ಮುಚ್ಚಿಟ್ಟ ಎರಡನೇ ಸಂಸಾರ, ಯಾರದೋ ಜಮೀನು ಬಡ್ಡಿಗೆ ನುಂಗಿದ್ದು, ಇವೆಲ್ಲ ಕಡತದಲ್ಲಿ ಕೂತಿರುತ್ತವೆ. ಹುಡುಕುವವರು ಇಷ್ಟವಾದದ್ದನ್ನು ಮಾತ್ರ ಬರೆದುಕೊಂಡು ಬಂದರೆ, ಮುತ್ತಜ್ಜನಿಗೆ ಎರಡನೇ ಸಲ ಅನ್ಯಾಯವಾಗುತ್ತದೆ.

ಮುತ್ತಜ್ಜಿಯ ವಿಷಯದಲ್ಲಿ ಅನ್ಯಾಯ ಮೊದಲಿನಿಂದಲೇ ಇದೆ. ‘ಕೋಂ’ ಆಕೆಯನ್ನು ಗಂಡನಿಗೆ ಕಟ್ಟುತ್ತದೆ, ಅಪ್ಪನ ಹೆಸರನ್ನು ಅಳಿಸುತ್ತದೆ. ತವರಿನ ಊರು ಯಾವುದು, ಮದುವೆಗೆ ಮುಂಚೆ ಆಕೆಯ ಹೆಸರೇನಿತ್ತು, ಕಾಗದಕ್ಕೆ ಬೇಕಾಗಲಿಲ್ಲ. ಅಳಿಯಸಂತಾನದ ತುಳುನಾಡು ಇದಕ್ಕೆ ದೊಡ್ಡ ಹೊರತು. ಅಲ್ಲಿ ಕುಟುಂಬದ ‘ಕವರು’ಗಳು, ಅಂದರೆ ಶಾಖೆಗಳು, ಹೆಣ್ಣಿನಿಂದ ಕವಲೊಡೆಯುತ್ತವೆ. ಪಾಲಿನ ದಾವೆಗಳಿಗೆ ಲಗತ್ತಿಸಿದ ವಂಶಾವಳಿಯ ತುದಿಯಲ್ಲಿ ಅಜ್ಜಿಯೊಬ್ಬಳು ಕೂತಿರುತ್ತಾಳೆ. ಬೇರೆ ಕಡೆ ಹೆಣ್ಣುಮಗಳನ್ನು ಹುಡುಕುವುದಾದರೆ ಹಕ್ಕು ಬಿಡುಗಡೆ ಪತ್ರಗಳನ್ನು ನೋಡಬೇಕು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ತಂದಿತ್ತು, 1956ರಲ್ಲಿ ದೇಶದ ಕಾಯ್ದೆ ಬಂತು, ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮನಾದ ಪಾಲನ್ನು ಕರ್ನಾಟಕ 1994ರಲ್ಲಿ ಕೊಟ್ಟಿತು. ಕಾನೂನು ಹಕ್ಕು ಕೊಟ್ಟಂತೆಲ್ಲ, ಅದನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟೆ ಎಂಬ ಪತ್ರಗಳೂ ಹೆಚ್ಚಿದವು. ಆಕೆಯ ಸ್ವಂತ ಹೆಸರು, ಅಪ್ಪನ ಹೆಸರು, ಹುಟ್ಟಿದ ಊರು, ಸೇರಿದ ಊರು ಒಟ್ಟಿಗೆ ಸಿಗುವುದು ಎಷ್ಟೋ ಸಲ ಈ ಒಂದು ಕಾಗದದಲ್ಲಿ ಮಾತ್ರ.

ರಿಜಿಸ್ಟ್ರಾರ್ ಕಚೇರಿಯ ಹಳೆಯ ನಕಲಿನಲ್ಲಿ ಮಾತುಗಳು ಸಿಗುತ್ತವೆ, ಗುಮಾಸ್ತನ ಅಕ್ಷರದಲ್ಲಿ. ಮನೆಯ ಪೆಟ್ಟಿಗೆಯಲ್ಲಿ ಮೂಲಪತ್ರವೇ ಇದ್ದರೆ ಕೊನೆಯ ಪುಟ ತಿರುಗಿಸಬೇಕು. ಪತ್ರ ಬರೆದವನು ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಬರೆದು ನಡುವೆ ಜಾಗ ಬಿಟ್ಟಿರುತ್ತಾನೆ. ಅಲ್ಲಿ ಆಕೆಯ ಬೆರಳು. ಒಂದು ಕಡೆ ಮಸಿ ಹೆಚ್ಚಾಗಿ ಕಪ್ಪು ಮುದ್ದೆ, ಇನ್ನೊಂದು ಕಡೆ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಫೋಟೊ ತೆಗೆಸಿಕೊಳ್ಳದ, ಅಕ್ಷರ ಕಲಿಯದ ಹೆಂಗಸು ತನ್ನ ಮೈಯಿಂದ ಬಿಟ್ಟುಹೋದ ಗುರುತು ಅದೊಂದೇ. ಕಳೆ ಕಿತ್ತು, ರಾಗಿ ಬೀಸಿ, ನೆಲ ಸಾರಿಸಿ ಸವೆದ ಬೆರಳಾದ್ದರಿಂದ ನಡುವಿನ ಕೆಲವು ಗೆರೆಗಳು ಮೂಡಿರುವುದಿಲ್ಲ.